ವೈರೊಪೋರಿನ್

ಆತಿಥೇಯ ಜೀವಕೋಶದ ಪೊರೆಯಲ್ಲಿ ನೆಲೆಯೂರಿ, ಅಯಾನುಗಳು ಹಾದುಹೋಗುವಂಥ ನಾಳವನ್ನು ಕಟ್ಟುವ ವೈರಸ್ ಪ್ರೋಟೀನು. ಬಹುಪಾಲು ವೈರೊಪೋರಿನುಗಳು 60ರಿಂದ 120 ಅಮೈನೊ ಆಮ್ಲಗಳಷ್ಟೇ ಉದ್ದದವು. ನೀರಿಗೆ ಒಗ್ಗದ ಒಂದೆರಡು ಸುರುಳಿಗಳು ಪೊರೆಯನ್ನು ಅಡ್ಡಹಾಯ್ದು ನಿಲ್ಲುತ್ತವೆ. ಇಂಥ ನಾಲ್ಕರಿಂದ ಏಳು ಸರಪಳಿಗಳು ಒಟ್ಟಿಗೆ ನಿಂತಾಗ ನಡುವೆ ರಂಧ್ರವೊಂದು ಏರ್ಪಡುತ್ತದೆ.

ಇಷ್ಟು ಸಣ್ಣ ರಂಧ್ರ ಕೋಶಕ್ಕೆ ಏಕೆ ಮಾರಕವೆಂಬುದನ್ನು ಕ್ಯಾಲ್ಸಿಯಂ ಲೆಕ್ಕ ತಿಳಿಸುತ್ತದೆ. ಕೋಶದ ಒಳರಸದಲ್ಲಿ ಕ್ಯಾಲ್ಸಿಯಂ ಪ್ರಮಾಣ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಈ ಅಂತರವನ್ನು ಕಾಯಲು ಕೋಶ ಸದಾ ಶಕ್ತಿ ವ್ಯಯಿಸುತ್ತದೆ, ಸಂಕೇತ ರವಾನೆಯಿಂದ ಹಿಡಿದು ಸಾಯುವ ನಿರ್ಧಾರದವರೆಗೆ ಎಲ್ಲಕ್ಕೂ ಇದನ್ನೇ ನೆಚ್ಚಿಕೊಂಡಿದೆ. ವೈರಸ್ ಕೈ ಹಾಕುವುದು ಇಲ್ಲಿಗೇ. ಸೋಂಕಿಲ್ಲದ ಕೋಶದೊಳಕ್ಕೆ ನುಗ್ಗಲಾರದ ಕೆಲವು ವಸ್ತುಗಳು ಸೋಂಕಿತ ಕೋಶದೊಳಗೆ ಸಲೀಸಾಗಿ ಸೇರುತ್ತವೆಂದು ಸ್ಪೇನಿನ ಲೂಯಿಸ್ ಕರಾಸ್ಕೊ 1978ರಲ್ಲಿ ತೋರಿಸಿದರು. ಸೋರಿಕೆಯ ಹಿಂದೆ ವೈರಸ್ಸಿನದೇ ಪ್ರೋಟೀನುಗಳಿವೆಯೆಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು.

ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಇನ್‌ಫ್ಲುಯೆಂಜಾ ಎ ವೈರಸ್ಸಿನ ಎಂ2. ಇದರಲ್ಲಿ 97 ಅಮೈನೊ ಆಮ್ಲಗಳಿವೆ. ನಾಲ್ಕು ಸರಪಳಿ ಸೇರಿದರೆ ಒಂದು ನಾಳ. ಕಪ್ಪೆಯ ಅಂಡಕೋಶಗಳಲ್ಲಿ ಎಂ2 ತಯಾರಾಗುವಂತೆ ಮಾಡಿ, ಪೊರೆಯ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದ ಲಾರೆನ್ಸ್ ಪಿಂಟೊ, ರಾಬರ್ಟ್ ಲ್ಯಾಂಬ್ ಮತ್ತು ಸಂಗಡಿಗರು ಅದು ಅಯಾನು ನಾಳವೇ ಎಂದು 1992ರಲ್ಲಿ ಸಾಬೀತುಪಡಿಸಿದರು. ಎಂ2 ಆಯ್ದು ಬಿಡುವುದು ಪ್ರೋಟಾನುಗಳನ್ನು. ಕೋಶ ವೈರಸ್ಸನ್ನು ಒಂದು ಪೊರೆಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಚೀಲ ಕ್ರಮೇಣ ಆಮ್ಲೀಯವಾಗುತ್ತದೆ. ಆಮ್ಲದ ಸುಳಿವು ಸಿಕ್ಕೊಡನೆ ನಾಳದ 37ನೆಯ ಸ್ಥಾನದ ಹಿಸ್ಟಿಡೀನ್ ಪ್ರೋಟಾನನ್ನು ಹಿಡಿದುಕೊಳ್ಳುತ್ತದೆ, 41ನೆಯ ಸ್ಥಾನದ ಟ್ರಿಪ್ಟೊಫಾನ್ ಎಂಬ ಬಾಗಿಲು ಸರಿಯುತ್ತದೆ, ವೈರಸ್ಸಿನ ಒಡಲಿಗೆ ಪ್ರೋಟಾನುಗಳು ಹರಿಯುತ್ತವೆ. ಆಗ ಆರ್‌ಎನ್‌ಎಯನ್ನು ಬಿಗಿದಿಟ್ಟಿದ್ದ ಎಂ1 ಪ್ರೋಟೀನಿನ ಹಿಡಿತ ಸಡಿಲಗೊಂಡು, ಆರ್‌ಎನ್‌ಎ ಕೋಶಕೇಂದ್ರದತ್ತ ಹೊರಡಲು ಅಣಿಯಾಗುತ್ತದೆ. ಈ ಹೆಜ್ಜೆ ತಪ್ಪಿದರೆ ಒಳಹೊಕ್ಕ ವೈರಸ್ ಅಲ್ಲೇ ಸಿಕ್ಕಿಬೀಳುತ್ತದೆ.

ಹೊಸ ವೈರಸ್ಸುಗಳು ತಯಾರಾಗುವಾಗ ಇದೇ ನಾಳ ಗಾಲ್ಗಿ ಸಂಕೀರ್ಣದ ಆಮ್ಲೀಯತೆಯನ್ನು ತಗ್ಗಿಸಿ, ಕೆಲವು ಹಕ್ಕಿಜ್ವರ ತಳಿಗಳ ಹೆಮಗ್ಲುಟಿನಿನ್ ಎಂಬ ಹೊರಮೈ ಪ್ರೋಟೀನು ಅಕಾಲದಲ್ಲಿ ರೂಪ ಬದಲಿಸದಂತೆ ಕಾಯುತ್ತದೆ. ಹೊಸ ಕಣ ಕೋಶದ ಪೊರೆಯಿಂದ ಕಳಚಿಕೊಳ್ಳುವುದಕ್ಕೂ ಎಂ2 ನೆರವಾಗುತ್ತದೆ. ಆದರೆ ಕೋಶವೂ ಸುಮ್ಮನಿರುವುದಿಲ್ಲ. ಗಾಲ್ಗಿಯಲ್ಲಿ ಆದ ಈ ಏರುಪೇರನ್ನು ಎನ್‌ಎಲ್‌ಆರ್‌ಪಿ3 ಎಂಬ ಕಾವಲು ವ್ಯವಸ್ಥೆ ಗುರುತಿಸಿ ಉರಿಯೂತ ಹುಟ್ಟಿಸುತ್ತದೆಂದು 2010ರಲ್ಲಿ ಗೊತ್ತಾಯಿತು. ವೈರಸ್ಸಿಗೆ ಅನಿವಾರ್ಯವಾದ ಉಪಕರಣವೇ ಅದರ ಇರವನ್ನು ಕೋಶಕ್ಕೆ ಬಯಲು ಮಾಡುತ್ತದೆ.

ಅಮಾಂಟಡೀನ್ ಎಂಬ ಔಷಧ ಎಂ2 ರಂಧ್ರದೊಳಗೆ ಕುಳಿತು ದಾರಿಯನ್ನು ಮುಚ್ಚುತ್ತದೆ. ಅಮೆರಿಕದಲ್ಲಿ 1966ರಲ್ಲಿ ಅನುಮತಿ ಪಡೆದಾಗ ಅದು ಹೇಗೆ ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 31ನೆಯ ಸ್ಥಾನದ ಸೆರೀನ್ ಹೋಗಿ ಆಸ್ಪರಜೀನ್ ಬಂದರೆ ಸಾಕು, ಔಷಧ ನಾಟುವುದಿಲ್ಲ, ನಾಳ ಮಾತ್ರ ಎಂದಿನಂತೆ ನಡೆಯುತ್ತದೆ. 2005–06ರ ಚಳಿಗಾಲದಲ್ಲಿ ಅಮೆರಿಕದ ಎಚ್3ಎನ್2 ಮಾದರಿಗಳಲ್ಲಿ ಶೇ 90ಕ್ಕೂ ಹೆಚ್ಚು ಈ ಬದಲಾವಣೆ ಹೊತ್ತಿದ್ದವು. ಫ್ಲೂಗೆ ಆ ಮಾತ್ರೆಯನ್ನು ಬಳಸಬೇಡಿರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2006ರ ಜನವರಿಯಲ್ಲಿ ಸೂಚಿಸಿತು.

ಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ಸಿನ ಎನ್‌ಎಸ್‌ಪಿ4 ಇನ್ನೊಂದು ಮುಖವನ್ನು ತೋರಿಸುತ್ತದೆ. 175 ಅಮೈನೊ ಆಮ್ಲಗಳ ಈ ಪ್ರೋಟೀನು ಎಂಡೊಪ್ಲಾಸ್ಮಿಕ್ ಜಾಲದಲ್ಲಿ ಕೂಡಿಟ್ಟ ಕ್ಯಾಲ್ಸಿಯಮ್ಮನ್ನು ಒಳರಸಕ್ಕೆ ಸೋರಿಸುತ್ತದೆ. ಬರಿದಾದ ದಾಸ್ತಾನನ್ನು ತುಂಬಲು ಕೋಶ ತನ್ನ ಹೊರಬಾಗಿಲುಗಳನ್ನು ತೆರೆಯುತ್ತದೆ. ಕ್ಯಾಲ್ಸಿಯಂ ಮತ್ತಷ್ಟು ಏರುತ್ತದೆ. ಕೋಶದಿಂದ ಹೊರಬಿದ್ದ ಎನ್‌ಎಸ್‌ಪಿ4 ಕೂಡ ಕ್ಲೋರೈಡ್ ಮತ್ತು ನೀರು ಕರುಳಿಗೆ ಸುರಿಯುವಂತೆ ಮಾಡುತ್ತದೆ. ಎಳೆಯ ಇಲಿಗಳಿಗೆ ಇದೊಂದನ್ನೇ ಕೊಟ್ಟರೂ ಭೇದಿಯಾಗುತ್ತದೆಂದು ಮೇರಿ ಎಸ್ಟೆಸ್ ಅವರ ಹ್ಯೂಸ್ಟನ್ ತಂಡ 1996ರಲ್ಲಿ ಕಂಡುಕೊಂಡಿತು. ವೈರಸ್ಸೊಂದು ಕರುಳು-ವಿಷವನ್ನು ತಯಾರಿಸುತ್ತದೆಂದು ತಿಳಿದದ್ದು ಅದೇ ಮೊದಲು. ಸೋಂಕಿತ ಕೋಶ ಹೊರಬಿಡುವ ಎಡಿಪಿ ಎಂಬ ಸಣ್ಣ ಅಣು ನೆರೆಯ ಆರೋಗ್ಯವಂತ ಕೋಶಗಳಲ್ಲೂ ಕ್ಯಾಲ್ಸಿಯಂ ಅಲೆ ಎಬ್ಬಿಸುತ್ತದೆಂದು 2020ರಲ್ಲಿ ವರದಿಯಾಯಿತು. ಕೆಲವೇ ಕೋಶಗಳ ಸೋಂಕು ಮಗುವನ್ನು ಇಷ್ಟು ಬೇಗ ನಿರ್ಜಲಗೊಳಿಸುವುದು ಹೇಗೆಂಬ ಪ್ರಶ್ನೆಗೆ ಇದು ದೊಡ್ಡ ಉತ್ತರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಮತ್ತು ಕೆ. ಸುಗುಣ ಅವರ ತಂಡಗಳು ಎನ್‌ಎಸ್‌ಪಿ4 ತುಣುಕಿನ ಹರಳು ರಚನೆಯನ್ನು ಬಿಡಿಸಿವೆ.

ಹೆಪಟೈಟಿಸ್ ಸಿ ವೈರಸ್ಸಿನ ಪಿ7, ಎಚ್‌ಐವಿ-1ರ ವಿಪಿಯು, ಪೋಲಿಯೊ ವೈರಸ್ಸಿನ 2ಬಿ ಇದೇ ವರ್ಗದವು. ವಿಪಿಯು ಮುಖ್ಯವಾಗಿ ಕೋಶದ ಸಿಡಿ4 ಮತ್ತು ಟೆಥರಿನ್ ಪ್ರೋಟೀನುಗಳನ್ನು ತೊಲಗಿಸುತ್ತದೆ. ಅದರ ನಾಳದ ಪಾತ್ರ ಎಷ್ಟೆಂಬುದು ಇನ್ನೂ ಚರ್ಚೆಯಲ್ಲಿದೆ. ಕೋವಿಡ್ ವೈರಸ್ಸಿನ 3ಎ ಪ್ರೋಟೀನು ನಿಜವಾಗಿ ನಾಳವೇ ಎಂಬುದನ್ನೂ ಈಚಿನ ಅಧ್ಯಯನಗಳು ಪ್ರಶ್ನಿಸಿವೆ. ಕೃತಕ ಪೊರೆಯಲ್ಲಿ ವಿದ್ಯುತ್ ಹರಿದ ಮಾತ್ರಕ್ಕೆ ಯಾವುದೇ ಪ್ರೋಟೀನನ್ನು ವೈರೊಪೋರಿನ್ ಎನ್ನಲಾಗದು. ಜೀವಂತ ಕೋಶದ ಪುರಾವೆ ಬೇಕು.

ಅಂಥ ಪುರಾವೆ ಸಾರ್ಸ್ ವೈರಸ್ಸಿನ 76 ಅಮೈನೊ ಆಮ್ಲಗಳ ಇ ಪ್ರೋಟೀನಿನ ಬಗ್ಗೆ 2014ರಲ್ಲಿ ದೊರೆಯಿತು. ಒಂದೇ ಅಮೈನೊ ಆಮ್ಲ ಬದಲಿಸಿ ನಾಳವನ್ನು ಕೆಡಿಸಿದ ವೈರಸ್ ಇಲಿಗಳ ಶ್ವಾಸಕೋಶದಲ್ಲಿ ಬೆಳೆಯಿತು, ಆದರೆ ಊತವೂ ಸಾವೂ ಕಡಿಮೆಯಾದವು. ಸೋಂಕು ಮುಂದುವರಿದಂತೆ ವೈರಸ್ ಬೇರೆ ಸ್ಥಾನಗಳಲ್ಲಿ ಬದಲಾವಣೆ ತಂದುಕೊಂಡು ನಾಳವನ್ನು ಮರಳಿ ಪಡೆಯಿತು. ಇ ಪ್ರೋಟೀನನ್ನು ದುರ್ಬಲಗೊಳಿಸಿ ಸಜೀವ ಲಸಿಕೆ ಮಾಡಹೊರಟವರು ಈ ಮರುಕಳಿಕೆಗೆ ಮೊದಲು ತಡೆ ಕಂಡುಕೊಳ್ಳಬೇಕಾಗಿದೆ.