ಕಾಂಟೆಕ್ಸ್ಟ್ ಸ್ವಿಚ್: ನಿಂತಲ್ಲಿಂದಲೇ ಮುಂದುವರಿಯುವ ಗಣಕವಿದ್ಯೆ

ಗಣಕಯಂತ್ರದಲ್ಲಿ ಒಂದೆಡೆ ಹಾಡು ಕೇಳಿಬರುತ್ತಿರುತ್ತದೆ, ಇನ್ನೊಂದೆಡೆ ಪತ್ರ ಸಿದ್ಧವಾಗುತ್ತಿರುತ್ತದೆ, ಮತ್ತೊಂದೆಡೆ ಅಂತರ್ಜಾಲದಿಂದ ಕಡತ ಇಳಿಯುತ್ತಿರುತ್ತದೆ. ಎಲ್ಲವೂ ಏಕಕಾಲಕ್ಕೆ ನಡೆಯುತ್ತಿವೆ ಎಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಬೆರಳೆಣಿಕೆಯ ಪ್ರೊಸೆಸರ್ ಕೋರ್‌ಗಳನ್ನು ನೂರಾರು ತಂತ್ರಾಂಶಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಸರದಿ ಬದಲಾಗುವ ಈ ಕ್ರಿಯೆಗೆ 'ಕಾಂಟೆಕ್ಸ್ಟ್ ಸ್ವಿಚ್' ಎಂದು ಹೆಸರು.

ಏನನ್ನು ಉಳಿಸಬೇಕು?

ಪ್ರೊಸೆಸರ್ ತನ್ನ ಲೆಕ್ಕಾಚಾರವನ್ನು ರಿಜಿಸ್ಟರ್‌ಗಳೆಂಬ ಪುಟ್ಟ ಕೋಶಗಳಲ್ಲಿ ನಡೆಸುತ್ತದೆ. ಇಂದಿನ ಬಹುತೇಕ 64 ಬಿಟ್ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಇಂಥ ಸಾಮಾನ್ಯ ರಿಜಿಸ್ಟರ್‌ಗಳು 16. ಮುಂದಿನ ಆದೇಶ ಎಲ್ಲಿದೆ ಎಂಬುದನ್ನು 'ಪ್ರೋಗ್ರಾಂ ಕೌಂಟರ್' ತಿಳಿಸುತ್ತದೆ. ಕಳೆದ ಲೆಕ್ಕದ ಫಲಿತಾಂಶದ ಗುರುತುಗಳು 'ಫ್ಲ್ಯಾಗ್' ರಿಜಿಸ್ಟರ್‌ನಲ್ಲಿರುತ್ತವೆ. ಇವೆಲ್ಲವನ್ನೂ ತಪ್ಪಿಲ್ಲದೆ ಎತ್ತಿಟ್ಟು, ಸರದಿ ಮರಳಿದಾಗ ಯಥಾಸ್ಥಾನದಲ್ಲಿ ಇಟ್ಟರೆ ತಂತ್ರಾಂಶಕ್ಕೆ ತಾನು ನಿಂತಿದ್ದೆನೆಂಬ ಸುಳಿವೂ ಸಿಗುವುದಿಲ್ಲ. ಒಂದು ಕೋಶ ಅದಲುಬದಲಾದರೂ ಲೆಕ್ಕ ತಪ್ಪುತ್ತದೆ ಅಥವಾ ತಂತ್ರಾಂಶ ಕುಸಿಯುತ್ತದೆ.

ನಡೆಯುವ ಕ್ರಮ

ಗಡಿಯಾರದಂತೆ ಕೆಲಸ ಮಾಡುವ ಟೈಮರ್ ನಿಗದಿತ ಅವಧಿಗೊಮ್ಮೆ ಪ್ರೊಸೆಸರ್‌ಗೆ ಅಡ್ಡಿಪಡಿಸುತ್ತದೆ. ಆಗ ಪ್ರೊಸೆಸರ್ ಪ್ರೋಗ್ರಾಂ ಕೌಂಟರ್, ಫ್ಲ್ಯಾಗ್ ಮುಂತಾದವನ್ನು ತಾನಾಗಿಯೇ ಮೆಮೊರಿಯಲ್ಲಿರಿಸಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ಗೆ ನಿಯಂತ್ರಣ ಒಪ್ಪಿಸುತ್ತದೆ. ಉಳಿದ ರಿಜಿಸ್ಟರ್‌ಗಳನ್ನು ಉಳಿಸುವ ಹೊಣೆ ಕರ್ನೆಲ್‌ನದು. ಮುಂದಿನ ಸರದಿ ಯಾರದೆಂದು 'ಶೆಡ್ಯೂಲರ್' ನಿರ್ಧರಿಸಿದ ಬಳಿಕ ಆ ತಂತ್ರಾಂಶದ ಮೆಮೊರಿ ನಕಾಶೆ ಹಾಗೂ ಹಿಂದೆ ಉಳಿಸಿದ್ದ ಮೌಲ್ಯಗಳು ಪ್ರೊಸೆಸರ್‌ಗೆ ಮರಳುತ್ತವೆ. ಸೆಕೆಂಡಿಗೆ ಸಾವಿರಾರು ಬಾರಿ ಹೀಗೆ ನಡೆಯಬಹುದು.

ಬೆಳೆದು ಬಂದ ಹಾದಿ

1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವ 'ಸಿಟಿಎಸ್ಎಸ್' ವ್ಯವಸ್ಥೆಯನ್ನು ಪ್ರದರ್ಶಿಸಿದರು. ಕೊರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರ್‌ಗೆ ಸರದಿ ಬದಲಿಸುವ ಕೆಲಸವನ್ನು ಒಂದೇ ಆದೇಶದಿಂದ ತಾನೇ ಮಾಡುವ ಸಾಮರ್ಥ್ಯವಿತ್ತು. 1991ರಲ್ಲಿ ಹುಟ್ಟಿದ ಲಿನಕ್ಸ್ ಮೊದಲು ಅದನ್ನೇ ನೆಚ್ಚಿತ್ತು. ಮುಂದೆ ಅದನ್ನು ಬಿಟ್ಟು ತಂತ್ರಾಂಶದ ಮೂಲಕವೇ ಬದಲಾವಣೆ ಮಾಡತೊಡಗಿತು. 64 ಬಿಟ್ ಸ್ಥಿತಿಯಲ್ಲಿ ಆ ಯಂತ್ರಾಂಶ ಸೌಲಭ್ಯವೇ ಇಲ್ಲ.

ಸೋಮಾರಿತನದ ಬೆಲೆ

ದಶಮಾಂಶ ಲೆಕ್ಕಗಳಿಗೆ ಪ್ರತ್ಯೇಕ ರಿಜಿಸ್ಟರ್‌ಗಳಿವೆ. ಎಲ್ಲ ತಂತ್ರಾಂಶಗಳೂ ಇವನ್ನು ಬಳಸದ ಕಾರಣ, ಸಮಯ ಉಳಿಸಲೆಂದು ಹಲವು ಆಪರೇಟಿಂಗ್ ಸಿಸ್ಟಂಗಳು ಸರದಿ ಬದಲಾದರೂ ಇವುಗಳಲ್ಲಿನ ಹಳೆಯ ಮೌಲ್ಯಗಳನ್ನು ಹಾಗೆಯೇ ಬಿಡುತ್ತಿದ್ದವು. ಹೊಸ ತಂತ್ರಾಂಶ ಅವನ್ನು ಮುಟ್ಟಿದಾಗ ಮಾತ್ರ ಬದಲಾವಣೆ ನಡೆಯುತ್ತಿತ್ತು. ಇದು 'ಲೇಜಿ' ವಿಧಾನ.

2018ರ ಜೂನ್‌ನಲ್ಲಿ ಇದರ ಅಪಾಯ ಬಯಲಾಯಿತು. ಆದೇಶಗಳನ್ನು ಮುಂಗಡವಾಗಿ ಊಹಿಸಿ ನಡೆಸುವ ಗುಣದಿಂದಾಗಿ, ಇಂಟೆಲ್ ಕೋರ್ ಶ್ರೇಣಿಯ ಪ್ರೊಸೆಸರ್‌ಗಳಲ್ಲಿ ಒಂದು ತಂತ್ರಾಂಶ ಬಿಟ್ಟುಹೋದ ಮೌಲ್ಯಗಳನ್ನು ಇನ್ನೊಂದು ಪರೋಕ್ಷವಾಗಿ ಓದಲು ಸಾಧ್ಯವಿತ್ತು. ಗುಪ್ತಲಿಪಿಯ ಕೀಲಿಗಳೂ ಇದೇ ರಿಜಿಸ್ಟರ್‌ಗಳಲ್ಲಿ ಹಾದುಹೋಗುವುದರಿಂದ ವಿಷಯ ಗಂಭೀರವಾಗಿತ್ತು. ಪ್ರತಿ ಸರದಿಯಲ್ಲೂ ಎಲ್ಲವನ್ನೂ ಕೂಡಲೇ ಬದಲಿಸುವುದೇ ಪರಿಹಾರ. ಲಿನಕ್ಸ್ 2016ರಲ್ಲಿಯೇ ಈ ಕ್ರಮಕ್ಕೆ ಹೊರಳಿತ್ತು.

ಅದಲುಬದಲಿಗೆ ತಗಲುವ ಕಾಲವನ್ನು ತಗ್ಗಿಸುವುದು ಗಣಕ ವಿನ್ಯಾಸಕಾರರ ಹಳೆಯ ಗುರಿ. ಒಬ್ಬರ ಗುಟ್ಟು ಇನ್ನೊಬ್ಬರ ಪಾಲಾಗದಂತೆ ಅದನ್ನು ಸಾಧಿಸಬೇಕೆಂಬುದು 2018ರ ಘಟನೆ ಕಲಿಸಿದ ಪಾಠ. ಬಳಕೆದಾರರ ಪಾಲಿಗೆ ಉಳಿಯುವ ಕರ್ತವ್ಯ ಒಂದೇ: ಆಪರೇಟಿಂಗ್ ಸಿಸ್ಟಂನ ಸುರಕ್ಷತಾ ಪರಿಷ್ಕರಣೆಗಳನ್ನು ಮುಂದೂಡದೆ ಅಳವಡಿಸಿಕೊಳ್ಳುವುದು.