ಬಿಡಿಮುದ್ರಿಕೆಗಳ ಸಾಕ್ಷ್ಯ: ‘ಸೂಸಿ ಅಂಡ್ ದ ಬ್ಯಾನ್ಷೀಸ್’ ವಾದ್ಯಮೇಳದ ಚರಿತ್ರೆಗೆ ಒಂದು ಪ್ರವೇಶ

ಚರಿತ್ರೆಯ ಆಕರಗಳಲ್ಲಿ ಹಿರಿದು ಕಿರಿದು ಎಂಬ ಭೇದವನ್ನು ನಾವು ಸಾಮಾನ್ಯವಾಗಿ ಗಾತ್ರದಿಂದಲೇ ಮಾಡಿಬಿಡುತ್ತೇವೆ. ಮಹಾಕಾವ್ಯಕ್ಕೆ ಸಲ್ಲುವ ಗೌರವ ನಾಲ್ಕು ಸಾಲಿನ ದಾನಶಾಸನಕ್ಕೆ ಸಲ್ಲುವುದಿಲ್ಲ. ಆದರೆ ಕಾಲನಿರ್ಣಯದ ಪ್ರಶ್ನೆ ಎದ್ದಾಗ ವಿದ್ವಾಂಸರು ಕಾವ್ಯವನ್ನು ಬದಿಗಿಟ್ಟು ಶಾಸನದ ಕಡೆಗೇ ತಿರುಗುವರು. ಏಕೆಂದರೆ ಶಾಸನಕ್ಕೆ ತಿಥಿಯುಂಟು, ಸ್ಥಳವುಂಟು. ಹೇಳಬೇಕಾದುದನ್ನು ಅದು ಅಲ್ಪಾವಕಾಶದಲ್ಲಿ ಹೇಳಿ ಮುಗಿಸುತ್ತದೆ. ಕಳೆದ ಶತಮಾನದ ಪಾಶ್ಚಾತ್ಯ ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯಹೊರಟವರಿಗೂ ಇಂಥವೇ ಎರಡು ಬಗೆಯ ಆಕರಗಳಿವೆ. ಒಂದು, ಹನ್ನೆರಡು ಅಂಗುಲ ವ್ಯಾಸದ, ಮುಖವೊಂದಕ್ಕೆ ಸುಮಾರು ಇಪ್ಪತ್ತು ನಿಮಿಷಗಳ ಸಂಗೀತವುಳ್ಳ ದೀರ್ಘಮುದ್ರಿಕೆ. ಇನ್ನೊಂದು, ‘ಸಿಂಗಲ್’ ಎಂದು ಹೆಸರಾದ, ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ಬಿಡಿಮುದ್ರಿಕೆ. ಇದರ ಒಂದೊಂದು ಮುಖದಲ್ಲಿ ಒಂದೊಂದು ಹಾಡು. ಹಾಡಿನ ಅವಧಿ ಮೂರು ನಾಲ್ಕು ನಿಮಿಷ. ವಿಮರ್ಶಕರ ಮನ್ನಣೆ ಬಹುಮಟ್ಟಿಗೆ ಮೊದಲನೆಯದಕ್ಕೆ ಸಂದಿದೆ. ಎರಡನೆಯದನ್ನು ತಿಥಿಯುಳ್ಳ ದಾಖಲೆಯೆಂದು ಭಾವಿಸಿ ಕ್ರಮವಾಗಿ ಓದಿದರೆ ಏನು ತಿಳಿಯುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1996ರಲ್ಲಿ ವಿಸರ್ಜನೆಗೊಂಡ ‘ಸೂಸಿ ಅಂಡ್ ದ ಬ್ಯಾನ್ಷೀಸ್’ ಎಂಬ ವಾದ್ಯಮೇಳ. ಗಾಯಕಿ ಸೂಸಿ ಸೂ, ಬಾಸ್ ಗಿಟಾರ್ ವಾದಕ ಸ್ಟೀವನ್ ಸೆವೆರಿನ್ ಇವರಿಬ್ಬರು ಆದಿಯಿಂದ ಅಂತ್ಯದವರೆಗೆ ಇದರಲ್ಲಿದ್ದರು. ಪಂಕ್ ಚಳುವಳಿಯ ತರುವಾಯ ಬಂದ ‘ಪೋಸ್ಟ್ ಪಂಕ್’ ಸಂಗೀತದಲ್ಲಿ, ಅದರಲ್ಲಿಯೂ ‘ಗಾಥಿಕ್’ ಎಂದು ಕರೆಯಲ್ಪಡುವ ಶಾಖೆಯಲ್ಲಿ, ಈ ಮೇಳಕ್ಕೆ ಮೂಲಪುರುಷರ ಸ್ಥಾನವನ್ನು ಕೊಡುವುದು ವಾಡಿಕೆ. ಸೂಸಿಯಾದರೋ ಆ ಹೆಸರನ್ನು ಒಪ್ಪಲು ಹಿಂಜರಿದವರು. ಹೆಸರು ಇಟ್ಟವರಿಗೂ ಹೆಸರು ಹೊತ್ತವರಿಗೂ ಹೀಗೆ ಭಿನ್ನಾಭಿಪ್ರಾಯವಿರುವಲ್ಲಿ ಚರಿತ್ರಕಾರನು ಯಾರ ಮಾತನ್ನು ನಂಬಬೇಕು? ಇಬ್ಬರದನ್ನೂ ಸದ್ಯಕ್ಕೆ ಬದಿಗಿಟ್ಟು ದಾಖಲೆಗಳನ್ನು ನೋಡುವುದೇ ಲೇಸು.

ಮೊದಲು ಆ ಪದದ ವಿಚಾರ. ಗಾಥರೆಂಬುವರು ರೋಮನ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಪ್ರಬಲರಾದ ಒಂದು ಜರ್ಮ್ಯಾನಿಕ್ ಜನಾಂಗದವರು. ಇಟಲಿಯ ಪುನರುಜ್ಜೀವನ ಕಾಲದ ಪಂಡಿತರು ತಮಗೆ ಹಿಡಿಸದ ಮಧ್ಯಯುಗದ ಕಟ್ಟಡಗಳನ್ನು ಈ ಜನರ ಹೆಸರಿನಿಂದ ಹಳಿದರು. 1764ರಲ್ಲಿ ಹೊರೇಸ್ ವಾಲ್ಪೋಲನ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿ ಪ್ರಕಟವಾಯಿತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದು ತನ್ನನ್ನು ‘ಗಾಥಿಕ್ ಕಥೆ’ಯೆಂದು ಕರೆದುಕೊಂಡಿತು. ಅಂದಿನಿಂದ ಪಾಳು ಕೋಟೆ, ಗುಪ್ತ ದ್ವಾರ, ಪಿತ್ರಾರ್ಜಿತ ಪಾಪ, ಸೆರೆಯಲ್ಲಿರುವ ಹೆಣ್ಣು ಇವೆಲ್ಲ ಆ ಪದದ ಪರಿವಾರವಾದವು. ಸಂಗೀತಕ್ಕೆ ಅದು ಅಂಟಿಕೊಂಡುದು ಬಹಳ ಈಚೆಗೆ. 1979ರಲ್ಲಿ ‘ಜಾಯ್ ಡಿವಿಷನ್’ ಮೇಳವನ್ನು ಕುರಿತು ಅದು ಬಳಕೆಯಾಯಿತು; ಅದೇ ವರ್ಷ ‘ಬೌಹೌಸ್’ ಮೇಳದ ‘ಬೇಲಾ ಲುಗೋಸೀಸ್ ಡೆಡ್’ ಹೊರಬಂದಿತು; 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ‘ಬ್ಯಾಟ್‌ಕೇವ್’ ಎಂಬ ಕೂಟ ತೆರೆದ ಮೇಲೆ ಅದೊಂದು ವೇಷಭೂಷಣದ ಹೆಸರೂ ಆಯಿತು. ನಮ್ಮ ಮೇಳದ ಮೊದಲ ಮುದ್ರಿಕೆಗಳು ಈ ಘಟನೆಗಳಿಗಿಂತ ಹಿಂದಿನವು ಎಂಬ ಸಂಗತಿಯನ್ನು ಅಭ್ಯಾಸಿಗಳು ನೆನಪಿನಲ್ಲಿಡತಕ್ಕದ್ದು.

1976ನೆಯ ಸೆಪ್ಟೆಂಬರ್ 20ರಂದು ಲಂಡನ್ನಿನ ‘100 ಕ್ಲಬ್’ನಲ್ಲಿ ನಡೆದ ಪಂಕ್ ಉತ್ಸವದಲ್ಲಿ ಮೇಳದ ಪ್ರಥಮ ಪ್ರದರ್ಶನವಾಯಿತು. ಸಿದ್ಧಪಡಿಸಿದ ಹಾಡೊಂದೂ ಇರಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಆಶುವಾಗಿ ನುಡಿಸಿ ಹಾಡಿ ಇಳಿದರು. ಆ ದಿನಗಳಲ್ಲಿ ಸೂಸಿ ತೋಳಿಗೆ ನಾಟ್ಸಿ ಸ್ವಸ್ತಿಕವನ್ನು ಧರಿಸುತ್ತಿದ್ದರು. ನಮ್ಮಲ್ಲಿ ಹೊಸ್ತಿಲಿನ ಮೇಲೂ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿಯೂ ಬರೆಯುವ ಮಂಗಳಚಿಹ್ನೆ ಯುರೋಪಿನಲ್ಲಿ ಲಕ್ಷಾಂತರ ಜನರ ಕೊಲೆಯ ಗುರುತಾಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ಹಿರಿಯ ತಲೆಮಾರನ್ನು ಕೆಣಕುವುದಷ್ಟೇ ಉದ್ದೇಶವಾಗಿತ್ತೆಂದು ಮುಂದೆ ಸಮಾಧಾನ ಹೇಳಲಾಯಿತು. ಉದ್ದೇಶವೇನೇ ಇರಲಿ, ಕೃತ್ಯ ಕೃತ್ಯವೇ. ಆರಂಭದ ಈ ಕಲೆಯನ್ನು ಮರೆಮಾಡುವ ಚರಿತ್ರೆಯೂ, ಅದೊಂದನ್ನೇ ಹಿಡಿದು ತೀರ್ಪು ಕೊಡುವ ಚರಿತ್ರೆಯೂ ಸಮನಾಗಿ ಅಪೂರ್ಣ. ಮುದ್ರಿಕೆಗಳು ಏನನ್ನುತ್ತವೆ ಎಂಬುದನ್ನು ಮುಂದೆ ನೋಡೋಣ.

ಪಂಕ್ ಮೇಳಗಳು ಒಂದೊಂದಾಗಿ ಕಂಪೆನಿಗಳೊಡನೆ ಕರಾರು ಮಾಡಿಕೊಂಡರೂ ಬ್ಯಾನ್ಷೀಸರಿಗೆ ಸುಮಾರು ಎರಡು ವರ್ಷ ಮುದ್ರಣದ ಅವಕಾಶ ದೊರೆಯಲಿಲ್ಲ. ಬಿ.ಬಿ.ಸಿ. ರೇಡಿಯೋದ ಜಾನ್ ಪೀಲ್ ತಮ್ಮ ಕಾರ್ಯಕ್ರಮಕ್ಕಾಗಿ 1977ರ ಕೊನೆಯಲ್ಲಿಯೂ 1978ರ ಆದಿಯಲ್ಲಿಯೂ ಇವರ ಹಾಡುಗಳನ್ನು ಧ್ವನಿಮುದ್ರಿಸಿ ಬಿತ್ತರಿಸಿದುದರಿಂದ ಕೇಳುಗರ ಬಳಗವೊಂದು ಮೊದಲೇ ಸಿದ್ಧವಾಯಿತು. 1978ರ ಜೂನ್ ತಿಂಗಳಲ್ಲಿ ಪಾಲಿಡೋರ್ ಕಂಪೆನಿ ಕರಾರಿಗೆ ಒಪ್ಪಿತು. ಆಗಸ್ಟ್ 18ರಂದು ‘ಹಾಂಗ್ ಕಾಂಗ್ ಗಾರ್ಡನ್’ ಹೊರಬಿದ್ದು ಬ್ರಿಟಿಷ್ ಮಾರಾಟಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ‘ದ ಸ್ಕ್ರೀಮ್’ ಎಂಬ ಮೊದಲ ದೀರ್ಘಮುದ್ರಿಕೆಯ ಬ್ರಿಟಿಷ್ ಆವೃತ್ತಿಯಲ್ಲಿ ಈ ಹಾಡು ಇಲ್ಲ. ದೀರ್ಘಮುದ್ರಿಕೆಗಳನ್ನು ಮಾತ್ರ ಓದುವವನಿಗೆ ಚರಿತ್ರೆಯ ಮೊದಲ ಪುಟವೇ ಕಳೆದುಹೋಗುತ್ತದೆ.

ಗಾಥಿಕ್ ಮೇಳದ ಮೊದಲ ಹಾಡಿನಲ್ಲಿ ಪಾಳು ಕೋಟೆಯನ್ನು ಹುಡುಕುವವನಿಗೆ ಸಿಕ್ಕುವುದು ಒಂದು ಚೀನೀ ಉಪಾಹಾರದಂಗಡಿ. ಲಂಡನ್ನಿನ ಆಗ್ನೇಯ ಅಂಚಿನ ಚಿಸ್ಲ್‌ಹರ್ಸ್ಟ್ ಸೂಸಿ ಬೆಳೆದ ಊರು. ಅಲ್ಲಿಯ ಅಂಗಡಿಯ ಚೀನೀ ಕೆಲಸಗಾರರನ್ನು ತಲೆಬೋಳಿಸಿದ ಪುಂಡರು ಪೀಡಿಸುತ್ತಿದ್ದುದನ್ನು ಕಂಡು ಹುಟ್ಟಿದ ಹಾಡಿದು ಎಂದು ಅವರು ಹೇಳಿದ್ದಾರೆ. ಸಹಾನುಭೂತಿ ನಿಜವಿರಬಹುದು, ಆದರೆ ಪದಗಳು ಚೀನೀಯರ ವಿಷಯದಲ್ಲಿ ಇಂಗ್ಲಿಷರಲ್ಲಿ ರೂಢವಾಗಿದ್ದ ಸವಕಲು ಚಿತ್ರಗಳನ್ನೇ ಪೋಣಿಸುತ್ತವೆ. ಆರಂಭದ ಕ್ಸೈಲೋಫೋನ್ ನಾದವೂ ಪೂರ್ವದೇಶದ ಅನುಕರಣೆಯೇ ಹೊರತು ಪೂರ್ವದೇಶದ ಸಂಗೀತವಲ್ಲ. ಪಕ್ಷ ವಹಿಸಿದವರ ಬಾಯಲ್ಲಿಯೂ ಪ್ರತಿಪಕ್ಷದ ಭಾಷೆ ಉಳಿದಿರಬಲ್ಲದೆಂಬುದಕ್ಕೆ ಇದು ನಿದರ್ಶನ.

1979ರ ಮಾರ್ಚಿಯಲ್ಲಿ ‘ದ ಸ್ಟೇರ್‌ಕೇಸ್ (ಮಿಸ್ಟರಿ)’, ಜೂನಿನಲ್ಲಿ ‘ಪ್ಲೇಗ್ರೌಂಡ್ ಟ್ವಿಸ್ಟ್’ ಬಂದವು. ಪಟ್ಟಿಯಲ್ಲಿ ಕ್ರಮವಾಗಿ 24 ಮತ್ತು 28. ಒಂದರಲ್ಲಿ ಮನೆಯ ಮೆಟ್ಟಿಲು, ಇನ್ನೊಂದರಲ್ಲಿ ಮಕ್ಕಳ ಆಟದ ಬಯಲು ಭಯಸ್ಥಾನಗಳಾಗಿವೆ. ತಾಳವಾದಕ ಕೆನಿ ಮಾರಿಸ್ ಕಂಚಿನ ತಟ್ಟೆಗಳ ಝಣತ್ಕಾರವನ್ನು ಆದಷ್ಟು ಬಿಟ್ಟು ಗಂಭೀರ ಧ್ವನಿಯ ಮದ್ದಲೆಗಳನ್ನೇ ನೆಚ್ಚಿದರು. ಜಾನ್ ಮೆಕೇ ಗಿಟಾರಿನಿಂದ ಮಾಧುರ್ಯಕ್ಕೆ ಬದಲಾಗಿ ಲೋಹದ ಕರ್ಕಶತೆಯನ್ನು ಹೊರಡಿಸಿದರು. ಪಂಕ್ ಸಂಗೀತದ ವೇಗ ಹೀಗೆ ಭಾರವಾಗಿ ಮಾರ್ಪಟ್ಟಿತು. ಅದೇ ಸೆಪ್ಟೆಂಬರಿನಲ್ಲಿ, ಸಂಚಾರದ ನಡುವೆ, ಅಬರ್ಡೀನ್ ನಗರದಲ್ಲಿ ಇವರಿಬ್ಬರೂ ಮೇಳವನ್ನು ತೊರೆದು ಹೊರಟುಹೋದರು. ‘ದ ಸ್ಲಿಟ್ಸ್’ ಮೇಳದಲ್ಲಿದ್ದ ಬಡ್ಜಿ ತಾಳಕ್ಕೆ ಬಂದರು. ಜೊತೆಯಲ್ಲಿ ಸಂಚರಿಸುತ್ತಿದ್ದ ‘ದ ಕ್ಯೂರ್’ ಮೇಳದ ರಾಬರ್ಟ್ ಸ್ಮಿತ್ ತಮ್ಮ ಕೆಲಸದೊಡನೆ ಇವರ ಗಿಟಾರನ್ನೂ ನುಡಿಸಿ ಸಂಚಾರವನ್ನು ಮುಗಿಸಿಕೊಟ್ಟರು.

ಆ ತಿಂಗಳಿನಲ್ಲಿಯೇ ಬ್ರಿಟನ್ನಿನಲ್ಲಿ ಹೊರಬಂದ ಬಿಡಿಮುದ್ರಿಕೆ 47ನೆಯ ಸ್ಥಾನವನ್ನು ದಾಟಲಿಲ್ಲ. ಆದರೆ ಚರಿತ್ರಕಾರನಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ. ಅದರ ಒಂದು ಮುಖದಲ್ಲಿ ಜರ್ಮನ್ ಭಾಷೆಯಲ್ಲಿ ಹಾಡಿದ ‘ಮಿಟಾಗೈಸನ್’. ನಾಟ್ಸಿ ವಿರೋಧಿ ಕಲಾವಿದ ಜಾನ್ ಹಾರ್ಟ್‌ಫೀಲ್ಡ್ 1935ರಲ್ಲಿ ರಚಿಸಿದ ಛಾಯಾಚಿತ್ರ ಸಂಯೋಜನೆಯೇ ಅದರ ಹೊದಿಕೆ: ಹಿಟ್ಲರನ ಪಟವಿರುವ ಊಟದ ಮನೆಯಲ್ಲಿ ಸಂಸಾರವೊಂದು ಬೆಣ್ಣೆಯಿಲ್ಲದೆ ಕಬ್ಬಿಣವನ್ನು ಕಡಿಯುತ್ತಿದೆ. ಇನ್ನೊಂದು ಮುಖದಲ್ಲಿ ‘ಲವ್ ಇನ್ ಎ ವಾಯ್ಡ್’. ಈ ಹಾಡನ್ನು ವೇದಿಕೆಯಲ್ಲಿ ಮೊದಮೊದಲು ಹಾಡುತ್ತಿದ್ದಾಗ ಯೆಹೂದ್ಯರನ್ನು ಹೀಗಳೆಯುವ ಒಂದು ಪಂಕ್ತಿ ಅದರಲ್ಲಿತ್ತು. ಮುದ್ರಿಕೆಯಲ್ಲಿ ಆ ಪದ ಹೋಗಿ ಮತಾಂಧರೆಂಬ ಅರ್ಥದ ಪದ ಬಂದಿದೆ. 1980ರ ನವೆಂಬರಿನಲ್ಲಿ ವೃಂದಗಾನವನ್ನು ಕೂಡಿಸಿಕೊಂಡು ‘ಇಸ್ರೇಲ್’ ಎಂಬ ಗಂಭೀರವಾದ ಹಾಡು ಬಂದಿತು. ಆ ಕಾಲದ ದೀರ್ಘಮುದ್ರಿಕೆ ಯಾವುದರಲ್ಲಿಯೂ ಅದನ್ನು ಸೇರಿಸಲಿಲ್ಲ. ಇವನ್ನು ಪ್ರಾಯಶ್ಚಿತ್ತವೆಂದು ಕರೆಯುವುದು ಚರಿತ್ರಕಾರನ ಕೆಲಸವಲ್ಲ. ಆದರೆ ತಿದ್ದುಪಡಿ ನಡೆಯಿತೆಂಬುದಕ್ಕೂ, ನಾಲ್ಕು ವರ್ಷಗಳೊಳಗೆ ನಡೆಯಿತೆಂಬುದಕ್ಕೂ ತಿಥಿಸಹಿತವಾದ ದಾಖಲೆ ಇವೇ.

1980ರ ಮಾರ್ಚಿಯ ‘ಹ್ಯಾಪಿ ಹೌಸ್’ 17ನೆಯ ಸ್ಥಾನವನ್ನು ಪಡೆಯಿತು. ಇದರಲ್ಲಿ ಗಿಟಾರ್ ನುಡಿಸಿದ ಜಾನ್ ಮೆಕ್‌ಗಿಯೋಕ್ ಸ್ವರಗಳನ್ನು ಒಟ್ಟಾಗಿ ಬಡಿಯದೆ ಬಿಡಿಬಿಡಿಯಾಗಿ ಹೆಣೆದು, ಹಾಡುಗಾರಿಕೆಯ ಸುತ್ತಲೂ ಬಲೆಯಂತೆ ಹರಡಿದರು. ಹಾಡಿನ ಹೆಸರು ಸಂತೋಷದ ಮನೆ. ಒಳಗಿರುವುದು ಸಂತೋಷದ ನಟನೆ. ಅನಂತರದ ‘ಕ್ರಿಸ್ಟೀನ್’ ಒಂದೇ ದೇಹದಲ್ಲಿ ಹಲವು ವ್ಯಕ್ತಿತ್ವಗಳನ್ನು ಅನುಭವಿಸಿದ ಅಮೆರಿಕದ ಕ್ರಿಸ್ ಸೈಜ್‌ಮೋರ್ ಅವರ ವೃತ್ತಾಂತವನ್ನು ಆಧರಿಸಿದುದು. 1981ರ ‘ಸ್ಪೆಲ್‌ಬೌಂಡ್’ನಲ್ಲಿ ಹನ್ನೆರಡು ತಂತಿಯ ಗಿಟಾರೂ ಬಡ್ಜಿಯ ಮದ್ದಲೆಗಳೂ ಸೇರಿ ಈ ಶೈಲಿಯನ್ನು ಪೂರ್ಣತೆಗೆ ತಂದವು. ಅಂಗಡಿ, ಮೆಟ್ಟಿಲು, ಆಟದ ಬಯಲು, ಮನೆ, ಮನಸ್ಸು: ಹೀಗೆ ಬಿಡಿಮುದ್ರಿಕೆಗಳನ್ನು ಸಾಲಾಗಿಟ್ಟಾಗ ಭಯದ ನೆಲೆ ಹೆಜ್ಜೆಹೆಜ್ಜೆಗೆ ಒಳಸರಿಯುತ್ತ ಹೋದುದು ಕಾಣುತ್ತದೆ. ವಾಲ್ಪೋಲನ ಕೋಟೆ ಇಲ್ಲಿ ಊರಂಚಿನ ಬಡಾವಣೆಯ ಮನೆಯಾಗಿದೆ. ‘ಗಾಥಿಕ್’ ಎಂಬ ಹೆಸರು ಒಪ್ಪುವುದಾದರೆ ಈ ಅರ್ಥದಲ್ಲಿಯೇ ಹೊರತು ಕಪ್ಪು ಉಡುಪಿನ ಅರ್ಥದಲ್ಲಿ ಅಲ್ಲ.

1981ರ ಡಿಸೆಂಬರಿನಲ್ಲಿ ‘ಒನ್ಸ್ ಅಪಾನ್ ಎ ಟೈಮ್: ದ ಸಿಂಗಲ್ಸ್’ ಎಂಬ ಸಂಕಲನ ಪ್ರಕಟವಾಯಿತು. ಈ ಮೇಳದ ಪರಿಚಯ ಅನೇಕರಿಗೆ ಆದುದು ಇದರಿಂದಲೇ. ಹತ್ತು ಹಾಡುಗಳ ಈ ಸಂಕಲನ ಉಪಕಾರಕವಾದುದು ನಿಜ. ಆದರೂ ಇದು ಮೂಲವಲ್ಲ, ಸಂಪಾದಿತ ಪಾಠ. ಇದರಲ್ಲಿರುವ ‘ಮಿರಾಜ್’ ಬಿಡಿಮುದ್ರಿಕೆಯಾಗಿ ಬಂದುದಲ್ಲ, ‘ದ ಸ್ಕ್ರೀಮ್’ನಿಂದ ಎತ್ತಿಕೊಂಡುದು. ‘ಲವ್ ಇನ್ ಎ ವಾಯ್ಡ್’ ಇದೆ, ಅದರ ಜೊತೆಯ ‘ಮಿಟಾಗೈಸನ್’ ಇಲ್ಲ. ಹೀಗಾಗಿ ಸಂಕಲನವೊಂದನ್ನೇ ನಂಬಿದವನಿಗೆ ಮೇಲೆ ಹೇಳಿದ ತಿದ್ದುಪಡಿಯ ಸಾಕ್ಷ್ಯದಲ್ಲಿ ಅರ್ಧ ಕಾಣದೆಹೋಗುತ್ತದೆ. ಹಸ್ತಪ್ರತಿಗಳನ್ನು ನೋಡದೆ ಮುದ್ರಿತ ಪಾಠವನ್ನೇ ಪ್ರಮಾಣವೆಂದು ಹಿಡಿಯಬಾರದೆಂದು ತರಗತಿಯಲ್ಲಿ ನಾವು ಹೇಳುವ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಮುಂದಿನ ದಶಕದ ಮುದ್ರಿಕೆಗಳಲ್ಲಿ ಇನ್ನೊಂದು ಎಳೆಯನ್ನು ಗುರುತಿಸಬಹುದು. 1983ರಲ್ಲಿ, ರಾಬರ್ಟ್ ಸ್ಮಿತ್ ಮತ್ತೆ ಗಿಟಾರಿನಲ್ಲಿದ್ದಾಗ, ‘ಡಿಯರ್ ಪ್ರುಡೆನ್ಸ್’ 3ನೆಯ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಮೇಳಕ್ಕೆ ದೊರೆತ ಅತ್ಯುನ್ನತ ಸ್ಥಾನ ಅದು. ಆ ಹಾಡು ಮೂಲತಃ ‘ಬೀಟಲ್ಸ್’ ಮೇಳದವರು 1968ರಲ್ಲಿ ಹೃಷೀಕೇಶದ ಆಶ್ರಮದಲ್ಲಿದ್ದಾಗ ಹುಟ್ಟಿದುದು. 1985ರ ‘ಸಿಟೀಸ್ ಇನ್ ಡಸ್ಟ್’ ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯನ್ನು ಕುರಿತದ್ದು. 1988ರ ‘ಪೀಕಬೂ’ ಹಿಮ್ಮುಖವಾಗಿ ತಿರುಗಿಸಿದ ಧ್ವನಿಪಟ್ಟಿಯ ಮೇಲೆ ಕಟ್ಟಿದ್ದು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ ಆ ವರ್ಷ ಆರಂಭಿಸಿದ ಆಧುನಿಕ ರಾಕ್ ಪಟ್ಟಿಯಲ್ಲಿ ಮೊಟ್ಟಮೊದಲ ಅಗ್ರಸ್ಥಾನ ಅದಕ್ಕೇ ದೊರೆಯಿತು. 1991ರ ‘ಕಿಸ್ ದೆಮ್ ಫಾರ್ ಮಿ’ಯಲ್ಲಿ ಭಾರತೀಯ ಮೂಲದ ಲಂಡನ್ ಕಲಾವಿದ ತಲ್ವಿನ್ ಸಿಂಗ್ ತಬಲಾ ನುಡಿಸಿದ್ದಾರೆ. 1978ರಲ್ಲಿ ಪೂರ್ವದೇಶ ಒಂದು ಅನುಕರಣನಾದ; 1981ರ ‘ಅರೇಬಿಯನ್ ನೈಟ್ಸ್’ನಲ್ಲಿ ಒಂದು ಪದಚಿತ್ರ; 1991ರಲ್ಲಿ ಮಗ್ಗುಲಲ್ಲಿ ಕುಳಿತ ವಾದಕ. ಅನುಕರಣೆಯಿಂದ ಸಹವಾದನಕ್ಕೆ ಸಾಗಿದ ಈ ಹದಿಮೂರು ವರ್ಷಗಳ ದಾರಿ ಬ್ರಿಟಿಷ್ ಸಮಾಜದ ಚರಿತ್ರೆಗೂ ಸೇರಿದ್ದು.

ಪ್ರಭಾವದ ವಿಚಾರದಲ್ಲಿಯೂ ಬಿಡಿಮುದ್ರಿಕೆಗಳ ಸಾಕ್ಷ್ಯ ಗಣನೀಯ. ‘ಡಿಯರ್ ಪ್ರುಡೆನ್ಸ್’ನ ಹಿಮ್ಮುಖದಲ್ಲಿದ್ದ ‘ಟ್ಯಾಟೂ’ ಎಂಬ ಹಾಡನ್ನು 1996ರಲ್ಲಿ ಬ್ರಿಸ್ಟಲ್ ನಗರದ ಟ್ರಿಕಿ ಪುನಃ ಹಾಡಿ ತಮ್ಮ ‘ನಿಯರ್ಲಿ ಗಾಡ್’ ಮುದ್ರಿಕೆಯ ಆರಂಭದಲ್ಲಿಟ್ಟರು. ‘ಹ್ಯಾಪಿ ಹೌಸ್’ನ ಗಿಟಾರ್ ಎಳೆ 2011ರಲ್ಲಿ ಕೆನಡಾದ ಗಾಯಕ ದ ವೀಕೆಂಡ್ ಅವರ ‘ಹೌಸ್ ಆಫ್ ಬಲೂನ್ಸ್’ನಲ್ಲಿ ಮರಳಿ ಕೇಳಿಸಿತು. ಇವರಾರೂ ಗಾಥಿಕ್ ಪಂಥದವರಲ್ಲ. ಪ್ರಭಾವವೆಂಬುದು ಪಂಥದ ಗಡಿಯೊಳಗೇ ಹರಿಯಬೇಕೆಂಬ ನಿಯಮವಿಲ್ಲ.

ಈ ವಿಧಾನಕ್ಕೆ ಮಿತಿಯೂ ಉಂಟು. ಯಾವ ಹಾಡು ಬಿಡಿಮುದ್ರಿಕೆಯಾಗಬೇಕೆಂಬುದರಲ್ಲಿ ರೇಡಿಯೋ ಮತ್ತು ಮಾರುಕಟ್ಟೆಗಳ ಅಪೇಕ್ಷೆ ಸೇರಿರುತ್ತದೆ. 1981ರ ‘ಜುಜು’ ದೀರ್ಘಮುದ್ರಿಕೆಯಿಂದ ಎರಡೇ ಹಾಡುಗಳು ಬಿಡಿಯಾಗಿ ಬಂದವು. ಆ ಕೃತಿಯ ಸಮಗ್ರ ಬಂಧವನ್ನು ಅವೆರಡರಿಂದ ಊಹಿಸಲಾಗದು. ಶಾಸನವು ಕಾವ್ಯಕ್ಕೆ ಬದಲಿಯಲ್ಲ; ಕಾವ್ಯದ ಕಾಲವನ್ನು ನಿಲ್ಲಿಸಿಕೊಡುವ ಕಂಬ. ಹೆಸರಿನಿಂದ ಆಕರಕ್ಕೆ ಹೋದವನಿಗೆ ಹೆಸರಿನಲ್ಲಿ ಮೊದಲೇ ಇದ್ದುದಷ್ಟೇ ದೊರೆಯುತ್ತದೆ. ಆಕರದಿಂದ ಹೆಸರಿಗೆ ಬಂದವನು ಆ ಹೆಸರನ್ನು ಒಪ್ಪಬಹುದು, ಬಿಡಬಹುದು, ಇಲ್ಲವೆ ಅದರ ಅರ್ಥವನ್ನೇ ತಿದ್ದಬಹುದು. ಯಾವ ಕಾಲದ, ಯಾವ ದೇಶದ ಪಂಥವನ್ನು ಅಭ್ಯಾಸಮಾಡುವಾಗಲೂ ನಮ್ಮ ವಿದ್ಯಾರ್ಥಿಗಳು ಈ ಎರಡನೆಯ ದಾರಿಯನ್ನು ಹಿಡಿಯುವುದು ಉಚಿತ.