ಮನಿಯಾರ್ಡರ್ ಬಾರದ ತಿಂಗಳುಗಳು

ಕಾರ್ಕಳದ ಹತ್ತಿರವಿರುವ ನನ್ನ ಅಜ್ಜಿಮನೆಯನ್ನು ಊರವರು ಈಗಲೂ ‘ಬೊಂಬಾಯಿ ಮನೆ’ ಎಂದೇ ಕರೆಯುತ್ತಾರೆ. ಅಜ್ಜ 1956ರಲ್ಲಿ ಮಾಟುಂಗಾದ ಹೋಟೆಲೊಂದಕ್ಕೆ ಕ್ಲೀನರ್ ಆಗಿ ಸೇರಿ, ಸಪ್ಲಯರ್ ಆಗಿ, ಕೊನೆಗೆ ಗಲ್ಲೆಯಲ್ಲಿ ಕೂರುವವರೆಗೆ ಬೆಳೆದವರು. ಅವರು ಕಳಿಸಿದ ದುಡ್ಡಿನಿಂದಲೇ ಮನೆ ನಡೆಯಿತು, ಮಕ್ಕಳು ಓದಿದರು ಎನ್ನುವುದು ನಮ್ಮ ಕುಟುಂಬದ ಇತಿಹಾಸ. ಅದನ್ನು ನಂಬಿಕೊಂಡೇ ನಾನು ವಲಸಿಗರ ಹಣದ ಕುರಿತು ಪಿಎಚ್‌ಡಿಗೆ ಸೇರಿದ್ದು.

ಅಜ್ಜಿಗೆ ಈಗ ಎಂಬತ್ನಾಲ್ಕು. ಕಳೆದ ಮಳೆಗಾಲದಲ್ಲಿ ಅವರ ಟ್ರಂಕಿನಿಂದ ತಂತಿಗೆ ಚುಚ್ಚಿಟ್ಟ ಒಂದು ಕಂತೆ ಹೊರಬಂತು. ಎಲ್ಲವೂ ಮನಿಯಾರ್ಡರಿನ ಕೂಪನ್ನುಗಳು. ಇಂದಿನ ವಿದ್ಯಾರ್ಥಿಗಳು ಮನಿಯಾರ್ಡರ್ ಫಾರ್ಮನ್ನು ನೋಡಿರಲಾರರು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮ ದೇಶದಲ್ಲಿ ಅಂಚೆ ಇಲಾಖೆ ಈ ಕೆಲಸವನ್ನು ವಹಿಸಿಕೊಂಡದ್ದು 1880ರಲ್ಲಿ. ಅದಕ್ಕೂ ಮೊದಲು ಸರಕಾರಿ ಖಜಾನೆಗಳ ಮೂಲಕ ಹಣ ಕಳಿಸಬೇಕಿತ್ತು, ಇಲ್ಲವೇ ಹುಂಡಿಯನ್ನು ನೆಚ್ಚಬೇಕಿತ್ತು. ಫಾರ್ಮಿನ ಒಂದು ತುಂಡು, ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ, ಕಳಿಸಿದವರಿಗೆ ಹಿಂದಿರುಗುತ್ತಿತ್ತು. ನಾಲ್ಕು ಸಾಲು ಬರೆಯಲು ಜಾಗವಿದ್ದ ಇನ್ನೊಂದು ತುಂಡು ಪಡೆದವರ ಬಳಿ ಉಳಿಯುತ್ತಿತ್ತು. ಹೀಗಾಗಿ ಅಜ್ಜಿಯ ಹೆಬ್ಬೆಟ್ಟುಗಳೆಲ್ಲ ಬೊಂಬಾಯಿಗೆ ಹೋದವು, ಅಜ್ಜನ ಅಕ್ಷರಗಳು ಕಾರ್ಕಳದಲ್ಲಿ ಉಳಿದವು. ‘ಗೇಣಿಗೆ 15, ಅಂಗಡಿ ಬಾಕಿಗೆ 8, ಉಳಿದದ್ದು ಖರ್ಚಿಗೆ.’ ಹೆಚ್ಚಿನವು ಹೀಗೇ ಇವೆ. ಓದಲು ಬಾರದ ಅಜ್ಜಿಗೆ ಪೋಸ್ಟ್‌ಮ್ಯಾನೇ ಓದಿ ಹೇಳುತ್ತಿದ್ದರಂತೆ. ಖಾಸಗಿ ಮಾತು ಯಾಕೆ ಇಲ್ಲ ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕೂಪನ್ನುಗಳನ್ನು ಅಂಚೆ ಮುದ್ರೆಯ ತಾರೀಕಿನ ಪ್ರಕಾರ ಜೋಡಿಸಿದೆ. 1961ರಿಂದ 1973ರವರೆಗೆ, ಹದಿಮೂರು ವರ್ಷ, 156 ತಿಂಗಳು. ಕೂಪನ್ನು ಇದ್ದದ್ದು 91. ಉಳಿದವು ಗೆದ್ದಲಿಗೆ ಹೋಗಿರಬೇಕು ಅಂದುಕೊಂಡು ಅಜ್ಜಿಯನ್ನು ಕೇಳಿದೆ.

“ಹಾಳಾದದ್ದಲ್ಲ ಮಗಾ, ಬಂದದ್ದೇ ಅಷ್ಟು” ಎಂದರು.

ಅಜ್ಜ ದುಡ್ಡು ಹಾಳು ಮಾಡುವವರಲ್ಲ. ಹೋಟೆಲು ಬದಲಾಯಿಸಿದಾಗ, ಟೈಫಾಯಿಡ್ ಬಂದಾಗ, ಊರಿನಿಂದ ಬಂದ ಇನ್ನೊಬ್ಬ ಹುಡುಗನಿಗೆ ಕೆಲಸ ಸಿಗುವ ತನಕ ಊಟ ಹಾಕಿದಾಗ ತಿಂಗಳು ತಪ್ಪುತ್ತಿತ್ತು. ಆ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು ಎನ್ನುವುದಕ್ಕೆ ಉತ್ತರ ಅದೇ ಟ್ರಂಕಿನ ತಳದಲ್ಲಿತ್ತು: ಬೀಡಿ ಬ್ರಾಂಚಿನ ಪುಸ್ತಕಗಳು. ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು ಕೊಟ್ಟರು, ಎಷ್ಟು ಬೀಡಿ ಬಂತು, ಎಷ್ಟು ಕಡಿತ. ಸಂಬಳ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ನೆನೆಸಿ, ತಗಡಿನ ಅಳತೆಗೆ ಕತ್ತರಿಸಿ, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಗದ್ದೆ ಕೆಲಸ, ದನ, ಅಡುಗೆ ಮುಗಿದ ಮೇಲೆ ಚಿಮಣಿ ದೀಪದಲ್ಲಿ ನಡೆಯುತ್ತಿದ್ದ ಕೆಲಸ ಇದು. ಅಮ್ಮ ಶಾಲೆಗೆ ಹೋಗುವ ಮೊದಲು ಎಲೆ ಕತ್ತರಿಸಿಟ್ಟು ಹೋಗುತ್ತಿದ್ದರು.

ಪುಸ್ತಕಗಳು 1967ರಿಂದ ಇವೆ. ಕೂಪನ್ನುಗಳ ಪಕ್ಕದಲ್ಲಿಟ್ಟು ನೋಡಿದರೆ ಮನಿಯಾರ್ಡರ್ ಬಾರದ ತಿಂಗಳಲ್ಲಿ ಬೀಡಿ ಹೆಚ್ಚು. ಎಲ್ಲ ಕಡೆಯೂ ಹಾಗಿಲ್ಲ. ನಾಟಿಯ ಸಮಯದಲ್ಲಿ ಎರಡೂ ಇಲ್ಲ, ಆಗ ಸಾಲ.

ಕರಾವಳಿಯ ಮುಂಬಯಿ ವಲಸೆಯ ಬಗ್ಗೆ ಬರಹಗಳಿಗೇನೂ ಕೊರತೆಯಿಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, ಹೋಟೆಲು ಹುಡುಗರು ಕಲಿತ ರಾತ್ರಿಶಾಲೆಗಳು, ಇವೆಲ್ಲ ಸ್ಮರಣ ಸಂಚಿಕೆಗಳಲ್ಲಿ ದಾಖಲಾಗಿವೆ. ನನಗೆ ಅವು ತುಂಬಾ ಉಪಯೋಗಕ್ಕೆ ಬಂದಿವೆ. ಆದರೆ ಅವುಗಳಲ್ಲಿ ಊರು ಎಂದರೆ ದುಡ್ಡು ಹೋಗಿ ಸೇರುವ ವಿಳಾಸ ಮಾತ್ರ. 2011ರ ಜನಗಣತಿಯಲ್ಲೂ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಇಡೀ ರಾಜ್ಯದಲ್ಲಿ 973. ಗಂಡಸರು ಹೊರಗೆ ಹೋದದ್ದು ಇದಕ್ಕೊಂದು ಕಾರಣ ಎನ್ನುತ್ತೇವೆ. ಉಳಿದವರು ಏನು ಮಾಡುತ್ತಿದ್ದರು ಎಂದು ಅಷ್ಟಾಗಿ ಕೇಳುವುದಿಲ್ಲ. ನನ್ನ ಸಂಶೋಧನಾ ಪ್ರಸ್ತಾವನೆಯಲ್ಲಿ ನಾನೂ ಕೇಳಿರಲಿಲ್ಲ. ಅಜ್ಜಿ ಅದರಲ್ಲಿ ‘ಅವಲಂಬಿತರು’ ಎಂಬ ಕಾಲಮ್ಮಿನಲ್ಲಿದ್ದರು.

ಭೂಸುಧಾರಣೆಯ ಕಡತ ನೋಡಿದಾಗ ಇದು ಇನ್ನೂ ಸ್ಪಷ್ಟವಾಯಿತು. 1974ರ ತಿದ್ದುಪಡಿಯ ನಂತರ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದದ್ದು ನಮ್ಮ ಕಡೆಯ ದೊಡ್ಡ ಘಟನೆ. ಕಾನೂನಿನ ಪ್ರಕಾರ ಭೂಮಿಯನ್ನು ಸ್ವತಃ ಸಾಗುವಳಿ ಮಾಡುತ್ತಿರಬೇಕು. ಮನೆಯವರ ದುಡಿಮೆಯೂ ಅದರಲ್ಲಿ ಸೇರುತ್ತದೆ. ಅಜ್ಜ ಇದ್ದದ್ದು ಮಾಟುಂಗಾದಲ್ಲಿ. ಟ್ರಿಬ್ಯೂನಲ್ ಮುಂದೆ ಹೋಗಿ ಗದ್ದೆಯ ಗಡಿ ಹೇಳಿದ್ದು, ಯಾವ ವರ್ಷ ಎಷ್ಟು ಮುಡಿ ಗೇಣಿ ಅಳೆದೆವೆಂದು ಒಪ್ಪಿಸಿದ್ದು ಅಜ್ಜಿ. ಅವರ ದುಡಿಮೆಯೇ ಅರ್ಜಿಯ ಆಧಾರ. ಹಕ್ಕುಪತ್ರ ಬಂದದ್ದು ಅಜ್ಜನ ಹೆಸರಿಗೆ.

ಮುಂದಿನ ತಲೆಮಾರು ಕೊಲ್ಲಿಗೆ ಹೋಯಿತು. ದೊಡ್ಡ ಮಾವ ಕುವೈತಿನಲ್ಲಿದ್ದರು. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ನುಗ್ಗಿದಾಗ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಕರೆತಂದ ಲಕ್ಷಕ್ಕೂ ಹೆಚ್ಚು ಜನರಲ್ಲಿ ಅವರೂ ಒಬ್ಬರಾಗಿ ಬಂದಿಳಿದರು. ತೈಲದ ಬೆಲೆ ಏರಿದ್ದು, ಕೊಲ್ಲಿಯ ಹಣ ಕುಗ್ಗಿದ್ದು, ಅನಿವಾಸಿಗಳು ಠೇವಣಿ ಹಿಂತೆಗೆದದ್ದು ಸೇರಿ ದೇಶದ ವಿದೇಶಿ ವಿನಿಮಯ ಬರಿದಾಯಿತು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಟ್ಟಿತು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದು ಮುಖ್ಯ ಅಧ್ಯಾಯ. ನಮ್ಮ ಮನೆಯಲ್ಲಿ ಅತ್ತೆಯ ಬಳೆ ಬ್ಯಾಂಕಿಗೆ ಹೋಯಿತು. ಅಟ್ಟದಿಂದ ತಡ್ಪೆಗಳು ಕೆಳಗಿಳಿದವು.

ಇದನ್ನು ಬರೆಯುತ್ತೇನೆಂದಾಗ ಮಾವನಿಗೆ ಇಷ್ಟವಾಗಲಿಲ್ಲ. “ಬೀಡಿ ಕಟ್ಟಿದ್ದನ್ನೆಲ್ಲ ಯಾಕೆ ಬರೆಯುವುದು? ಆಗ ಎಲ್ಲರೂ ಕಟ್ಟುತ್ತಿದ್ದರು. ಅಪ್ಪ ಅಲ್ಲಿ ಎಷ್ಟು ಕಷ್ಟಪಟ್ಟರು, ಅದನ್ನು ಬರಿ” ಎಂದರು. ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಹೋಟೆಲಿನ ಬೆಂಚಿನ ಮೇಲೆ ಮಲಗಿ ಮೂವತ್ತು ರೂಪಾಯಿ ಉಳಿಸುವುದು ಸಣ್ಣ ಮಾತಲ್ಲ. ಆದರೆ ‘ಎಲ್ಲರೂ ಕಟ್ಟುತ್ತಿದ್ದರು’ ಎನ್ನುವುದು ಬರೆಯದೆ ಬಿಡಲು ಕಾರಣ ಹೇಗಾಗುತ್ತದೆ ಎಂದು ನನಗೆ ಅರ್ಥವಾಗಿಲ್ಲ. ಎಲ್ಲರೂ ಬೊಂಬಾಯಿಗೂ ಹೋಗುತ್ತಿದ್ದರಲ್ಲ.

ಅಜ್ಜಿಗೆ ಈ ಚರ್ಚೆಯಲ್ಲಿ ಆಸಕ್ತಿ ಇರಲಿಲ್ಲ. ನಾನು ಕೂಪನ್ನುಗಳ ಮೊತ್ತ ಕೂಡಿಸಿ ಹೇಳಿದಾಗ ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, “ಬೀಡಿ ಒಟ್ಟು ಎಷ್ಟಾಯಿತು?” ಎಂದು ಕೇಳಿದರು.

ಅದನ್ನು ನಾನು ಕೂಡಿಸಿರಲಿಲ್ಲ. ಈಗ ಕೂಡಿಸುತ್ತಿದ್ದೇನೆ. 1969ರವರೆಗೆ ಬಂದಿದ್ದೇನೆ.